ಪ್ರಾಕ್ಟಿಕಲ್‌ನಲ್ಲಿ ಮೂವತ್ತಕ್ಕೆ ಮೂವತ್ತು

ಹೋದ ತಿಂಗಳು ನನ್ನ ಜಾಗಕ್ಕೆ ಬಂದಿರುವ ಹೊಸ ಉಪನ್ಯಾಸಕಿ ಮನೆಗೆ ಬಂದಿದ್ದಳು. ಚುರುಕಾದ ಹುಡುಗಿ. ಕೂತು ಎರಡು ನಿಮಿಷವಾಗಿರಲಿಲ್ಲ, "ಮೇಡಂ, ನಿಮ್ಮ ಭಾನುವಾರದ ಕ್ಲಾಸಿನ ನೋಟ್ಸ್ ಇದ್ರೆ ಕೊಡಿ" ಎಂದಳು. ಗೆದ್ದಲು ತಿಂದುಹಾಕಿತು ಎಂದೆ. ಅದು ಸುಳ್ಳು. ನೋಟ್ಸ್ ಅಟ್ಟದ ಮೇಲೆ ಭದ್ರವಾಗಿದೆ, ಗೆದ್ದಲಿಗೂ ಬೇಡವಾಗಿದೆ. ಪಠ್ಯ ಬದಲಾಗಿದೆ, ಪರೀಕ್ಷೆ ಬದಲಾಗಿದೆ, ಆ ಹಾಳೆಗಳಿಂದ ಅವಳಿಗೆ ಮೂರು ಕಾಸಿನ ಉಪಯೋಗವಿಲ್ಲ. ಅವಳು ಕೇಳಬೇಕಾಗಿದ್ದದ್ದು ಬೇರೆ. ಅವಳು ಕೇಳಲಿಲ್ಲ, ಆದ್ದರಿಂದ ನಾನೇ ಬರೆಯುತ್ತಿದ್ದೇನೆ.

ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ. ನಾನು ಮೂವತ್ತೊಂದು ವರ್ಷ ಜೀವಶಾಸ್ತ್ರ ಹೇಳಿಕೊಟ್ಟವಳು. ಅದರಲ್ಲಿ ಹೆಚ್ಚಿನ ಕಾಲ ಆಲೂರು ದಾಟಿ ಸಕಲೇಶಪುರದ ಕಡೆ ಏರುವ ರಸ್ತೆಯ ಒಂದು ಸರ್ಕಾರಿ ಪಿಯು ಕಾಲೇಜಿನಲ್ಲಿ ಕಳೆಯಿತು. ಯಾವಾಗ ಬಡ್ತಿ ಬಂತು, ಯಾವಾಗ ಬರಬೇಕಾದದ್ದು ಬರಲಿಲ್ಲ ಎಂಬುದೆಲ್ಲ ನನ್ನ ಸೇವಾಪುಸ್ತಕದಲ್ಲಿದೆ, ಬೇಕಾದವರು ನೋಡಿಕೊಳ್ಳಲಿ. ಕುಂದೂರು, ಬೆಳಗೋಡು, ಅತ್ತ ಹೆತ್ತೂರಿನ ಕಡೆಯಿಂದಲೂ ಮಕ್ಕಳು ಬರುತ್ತಿದ್ದರು. ಸೈನ್ಸ್ ತೆಗೆದುಕೊಂಡವರೆಲ್ಲ ಡಾಕ್ಟರಾಗುತ್ತಾರೆ ಎಂದು ಅವರ ಮನೆಯವರು ತಿಳಿದುಕೊಂಡಿದ್ದರು. ಡಾಕ್ಟರಾದವರನ್ನು ನಾನು ಒಂದು ಕೈಯ ಬೆರಳಲ್ಲಿ ಎಣಿಸಿ ಮುಗಿಸಬಹುದು. ಉಳಿದವರು ನರ್ಸಿಂಗ್, ಲ್ಯಾಬ್, ಫಾರ್ಮಸಿ, ಡಯಾಲಿಸಿಸ್ ಎಂದು ಹರಡಿಕೊಂಡರು. ಹಾಸನ ಜಿಲ್ಲೆಯ ಯಾವುದೇ ಆಸ್ಪತ್ರೆಯಲ್ಲಿ ನಿಮ್ಮ ರಕ್ತ ತೆಗೆಯುವ ಕೈ ನನ್ನ ಕ್ಲಾಸಿನದ್ದಿರಬಹುದು. ಸೂಜಿ ಚುಚ್ಚಿದಾಗ ಜಾಸ್ತಿ ನೋವಾದರೆ ನನ್ನನ್ನೇ ಬೈದುಕೊಳ್ಳಿ, ಬೇಜಾರಿಲ್ಲ.

ಭಾನುವಾರದ ಕ್ಲಾಸು ಶುರುವಾದದ್ದು ಇಂಗ್ಲಿಷಿನ ದೆಸೆಯಿಂದ. ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲಿ ಓದಿದ ಮಕ್ಕಳು ಪಿಯುಗೆ ಬಂದ ದಿನವೇ ಇಂಗ್ಲಿಷ್ ಪುಸ್ತಕ ಕೈಗೆ ತೆಗೆದುಕೊಳ್ಳಬೇಕು. ಮೊದಲ ಮೂರು ತಿಂಗಳು ಮಂಕು ಬಡಿದವರ ಹಾಗೆ ಕೂತಿರುತ್ತಿದ್ದವು. ಪ್ರಶ್ನೆಯನ್ನು ಕನ್ನಡ ಮಾಡಿ ಹೇಳಿದರೆ ಪಟ್ಟನೆ ಉತ್ತರ ಬರುತ್ತಿತ್ತು. ಹಾಗಾಗಿ ಭಾನುವಾರ ಬನ್ನಿ, ಪ್ರಶ್ನೆ ಓದುವುದನ್ನು ಕಲಿಸುತ್ತೇನೆ ಎಂದೆ. ಆರು ಜನ ಬಂದರು. ಆಮೇಲೆ ನಲವತ್ತಾಯಿತು. ಸಿಇಟಿ ಬಂತು, ನೀಟ್ ಬಂತು, ಪ್ಯಾರಾಮೆಡಿಕಲ್ ಡಿಪ್ಲೊಮಾಗಳು ಬಂದವು. ನಾನು ಮಾತ್ರ ಅದೇ ಪ್ರಶ್ನೆಯನ್ನು ಕನ್ನಡ ಮಾಡುತ್ತ ಕೂತಿದ್ದೆ.

ಹೊಸದರಲ್ಲಿ ಕಪ್ಪೆ ಕುಯ್ಯುತ್ತಿದ್ದೆವು. ಹತ್ತು ತನ್ನಿ ಎಂದರೆ ಗದ್ದೆ ಬಯಲಿನ ಹುಡುಗರು ಚೀಲ ತುಂಬ ತರುತ್ತಿದ್ದರು. ಒಂದು ಸಲ ಬೆಳಗೋಡಿನ ಬಸ್ಸಿನಲ್ಲಿ ಚೀಲದ ಬಾಯಿ ಬಿಚ್ಚಿಕೊಂಡು, ಹೆಂಗಸರು ಸೀಟಿನ ಮೇಲೆ ಹತ್ತಿ ನಿಂತು, ಕಂಡಕ್ಟರ್ ಒಂದು ವಾರ ನಮ್ಮ ಕಾಲೇಜಿನವರನ್ನು ಹತ್ತಿಸಿಕೊಳ್ಳಲಿಲ್ಲ. ಆಮೇಲೆ ಕಪ್ಪೆ ಕುಯ್ಯಬಾರದೆಂದು ಆದೇಶ ಬಂತು. ಕಪ್ಪೆಗಳು ಬಚಾವಾದವು, ಗೋಡೆಗೆ ಚಾರ್ಟು ಬಂತು. ಚಾರ್ಟಿನಲ್ಲಿ ಹೃದಯದ ನಾಲ್ಕು ಕೋಣೆ ನೋಡಿದ ಮಕ್ಕಳು ಅದು ನಾಲ್ಕು ಕೋಣೆಯ ಮನೆಯಷ್ಟೇ ಚೌಕ ಎಂದುಕೊಂಡಿದ್ದರು. ನನಗೆ ರೇಗಿಹೋಯಿತು. ಭಾನುವಾರ ಬೆಳಿಗ್ಗೆ ಸಕಲೇಶಪುರದ ಮಟನ್ ಅಂಗಡಿಯಲ್ಲಿ ಎರಡು ಕುರಿ ಹೃದಯ ಕಟ್ಟಿಸಿಕೊಂಡು, ಸ್ಟೀಲ್ ಡಬ್ಬಿಯಲ್ಲಿ ಹಾಕಿಕೊಂಡು ಬಸ್ ಹತ್ತಿದೆ. ಮಕ್ಕಳು ಕುಯ್ದು, ಬೆರಳು ಹಾಕಿ, ಕವಾಟ ಮುಟ್ಟಿ ನೋಡಿದರು. ಆ ಡಬ್ಬಿಯನ್ನು ನನ್ನ ಮನೆಯವರು ಮತ್ತೆ ಅಡುಗೆಮನೆಗೆ ಸೇರಿಸಲಿಲ್ಲ.

ಇನ್ನೊಂದು ಪಾಠ ನನಗೇ ಆದದ್ದು. ಎಸ್ಟೇಟ್ ಮಾಲೀಕರೊಬ್ಬರ ಮಗನನ್ನು ನಾನೇ ಹುರಿದುಂಬಿಸಿ ಎಂಬಿಬಿಎಸ್ ಹುಚ್ಚು ಹತ್ತಿಸಿದ್ದೆ. ಒಂದು ದಿನ ಎಲ್ಲರನ್ನೂ ಆಸ್ಪತ್ರೆ ತೋರಿಸಲು ಕರೆದುಕೊಂಡು ಹೋದರೆ, ಹುಣ್ಣಿನ ಬ್ಯಾಂಡೇಜ್ ಬಿಚ್ಚುತ್ತಿದ್ದ ಹಾಗೆಯೇ ಆ ಹುಡುಗ ಧೊಪ್ಪನೆ ಬಿದ್ದ. ಕ್ಲಾಸಿನಲ್ಲಿ ಬಾಯಿ ಬಿಡದ ಒಂದು ಹೆಣ್ಣುಮಗು ಮುಂದೆ ಹೋಗಿ, ಯಾರೂ ಹೇಳದಿದ್ದರೂ ರೋಗಿಯ ಕಾಲು ಹಿಡಿದುಕೊಂಡು ನಿಂತಿತು. ಅಂದಿನಿಂದ ವಾರ್ಡ್ ನೋಡುವ ಮುಂಚೆ ಯಾರಿಗೂ ಯಾವ ಕೋರ್ಸಿನ ಮಾತನ್ನೂ ಆಡಲಿಲ್ಲ. ಹೊಸಬರೇ, ನೀವೂ ಆಡಬೇಡಿ.

ಈಗ ಪ್ರಾಂಶುಪಾಲರ ವಿಚಾರ. ನನ್ನ ಕೊನೆಯ ವರ್ಷಗಳಲ್ಲಿ ಇದ್ದವರು ಇತಿಹಾಸದವರು. ಕೆಟ್ಟವರಲ್ಲ. ಮಕ್ಕಳ ಮೇಲೆ ಪ್ರೀತಿ ಇತ್ತು, ಫಲಿತಾಂಶದ ಮೇಲೆ ಅದಕ್ಕಿಂತ ಸ್ವಲ್ಪ ಹೆಚ್ಚಿಗಿತ್ತು. ಜೀವಶಾಸ್ತ್ರದಲ್ಲಿ ಎಪ್ಪತ್ತು ಅಂಕ ಥಿಯರಿಗೆ, ಮೂವತ್ತು ಪ್ರಾಕ್ಟಿಕಲ್‌ಗೆ. ಒಂದು ವರ್ಷ ನಾನು ಕೆಲವರಿಗೆ ಇಪ್ಪತ್ತೆರಡು, ಇಪ್ಪತ್ತೈದು ಹಾಕಿದ್ದೆ. ಪಟ್ಟಿ ನೋಡಿ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಏನ್ರೀ ಮೇಡಂ ಇದು? ಥಿಯರಿ ಮಕ್ಕಳ ಕೈಲಿ, ಪ್ರಾಕ್ಟಿಕಲ್ ನಮ್ಮ ಕೈಲಿ. ನಮ್ಮ ಕೈಲಿರೋದನ್ನ ಕೊಡೋದಕ್ಕೂ ಜುಗ್ಗತನ ಮಾಡಿದ್ರೆ ಹೆಂಗ್ರೀ? ಬೇರೆ ಕಾಲೇಜಲ್ಲಿ ಎಲ್ಲ ಮೂವತ್ತಕ್ಕೆ ಮೂವತ್ತು ಹಾಕ್ತಾರೆ. ನಮ್ಮ ಮಕ್ಕಳು ಸೀಟ್ ಕಳ್ಕೊಂಡ್ರೆ ಪಾಪ ನಿಮಗೇ ಕಣ್ರೀ."

ಮಾತಿನಲ್ಲಿ ನ್ಯಾಯ ಕಾಣಿಸಿತು. ಅಂದಿನಿಂದ ಎಲ್ಲರಿಗೂ ಮೂವತ್ತಕ್ಕೆ ಮೂವತ್ತು. ಕೊಡುವುದೇ ಖಾತ್ರಿಯಾದ ಮೇಲೆ ನೋಡುವ ಕಣ್ಣು ಸೋಮಾರಿಯಾಗುತ್ತದೆ. ಯಾರು ಪ್ರಯೋಗ ಮಾಡಿದರು, ಯಾರು ಪಕ್ಕದವರದ್ದು ಬರೆದರು ಎಂದು ನಾನು ಕುತ್ತಿಗೆ ತಿರುಗಿಸಿ ನೋಡುವುದನ್ನೇ ಬಿಟ್ಟೆ. ಈ ಬರಹದಲ್ಲಿ ಮುಂದೆ ಬರುವುದೆಲ್ಲ ಅದರ ಫಲ.

ಧರ್ಮೇಶ ಎಂಬ ಹುಡುಗನಿದ್ದ. ಕಾಫಿ ಎಸ್ಟೇಟಿನಲ್ಲಿ ಆಳುಗಳಿಗೆಂದು ಕಟ್ಟಿದ ಲೈನ್ ಮನೆಯವನು. ಅಪ್ಪ ತೀರಿಕೊಂಡಿದ್ದ, ತಾಯಿ ಸಾಕಮ್ಮ ಅದೇ ಎಸ್ಟೇಟಿನಲ್ಲಿ ಆಳು. ಹುಡುಗ ಮಾತು ಕಡಿಮೆ, ಬರವಣಿಗೆ ಮುತ್ತು ಪೋಣಿಸಿದ ಹಾಗೆ. ಅವನಿಗೆ ನೀಟ್ ಬೇಡ, ನರ್ಸಿಂಗ್ ಬೇಡ. ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾ ಒಂದೇ ಬೇಕು. ಯಾಕೋ ಎಂದು ಕೇಳಿದ್ದೆ.

"ನಮ್ಮವ್ವಂಗೆ ಸಕ್ಕರೆ ಕಾಯಿಲೆ ಐತೆ ಮೇಡಂ. ಟೆಸ್ಟ್ ಮಾಡ್ಸಕ್ಕೆ ಹೋದ್ರೆ ಲ್ಯಾಬ್‌ಗೆ ಬೀಗ. ವಾರಕ್ಕೆರಡು ದಿನ ಬತ್ತಾರಂತೆ, ಯಾವೆರಡು ದಿನ ಅಂತ ಅವ್ರಿಗೇ ಗೊತ್ತಿಲ್ಲ. ಅವ್ವ ಕೆಲ್ಸ ಬಿಟ್ಟು ನಡ್ಕಂಡ್ ಹೋಗಿ ಹಂಗೇ ವಾಪಸ್ ಬತ್ತಾಳೆ. ದಿನಾ ಇರೋನು ಒಬ್ಬ ಲ್ಯಾಬ್‌ನೋನು ಬೇಕು ಅಷ್ಟೇ."

ಇಷ್ಟು ಸ್ಪಷ್ಟವಾಗಿ ತನಗೇನು ಬೇಕೆಂದು ಹೇಳಿದ ವಿದ್ಯಾರ್ಥಿ ನನಗೆ ಇನ್ನೊಬ್ಬ ಸಿಕ್ಕಿಲ್ಲ. ಆ ಸೀಟು ಇವನಿಗೆ ಸಿಗಲೇಬೇಕು ಎಂದು ನಾನೂ ಹಟ ಹಿಡಿದೆ.

ಎರಡನೇ ವರ್ಷದ ಒಂದು ಭಾನುವಾರ, ಲ್ಯಾಬಿಗೆ ಹೋಗುವವರಿಗೆ ಉಪಯೋಗವಾಗಲೆಂದು ಮೂತ್ರದಲ್ಲಿ ಸಕ್ಕರೆ ಪತ್ತೆ ಮಾಡುವ ಹಳೆಯ ಪ್ರಯೋಗ ಇಟ್ಟಿದ್ದೆ. ನೀರಿಗೆ ಗ್ಲೂಕೋಸ್ ಪುಡಿ ಹಾಕಿ, ಬಣ್ಣಕ್ಕೆ ನಾಲ್ಕು ಹನಿ ಟೀ ಡಿಕಾಕ್ಷನ್ ಬಿಟ್ಟರೆ ಮೂತ್ರ ತಯಾರು. ಮಕ್ಕಳು ಮೂಗು ಮುಚ್ಚಿಕೊಂಡು ನಗುತ್ತಿದ್ದರು. ಅದಕ್ಕೆ ಬೆನೆಡಿಕ್ಟ್ ದ್ರಾವಣ ಹಾಕಿ ಕಾಯಿಸಬೇಕು. ನೀಲಿಯಾಗಿಯೇ ಉಳಿದರೆ ಸಕ್ಕರೆ ಇಲ್ಲ. ಹಸಿರಾದರೆ ಸ್ವಲ್ಪ, ಹಳದಿಯಾದರೆ ಇನ್ನೂ ಸ್ವಲ್ಪ, ಇಟ್ಟಿಗೆ ಕೆಂಪಾದರೆ ವಿಪರೀತ. ಎಲ್ಲರಿಗೂ ಬೇರೆ ಬೇರೆ ಪ್ರಮಾಣದ ನಾಲ್ಕು ನಾಲ್ಕು ಪ್ರನಾಳ ಕೊಟ್ಟಿದ್ದೆ.

ಧರ್ಮೇಶನ ಪಕ್ಕದಲ್ಲಿ ಶಾಹಿನಾ ಇದ್ದಳು. ಸಕಲೇಶಪುರದ ಲಾರಿ ಮಾಲೀಕರ ಮಗಳು, ಕ್ಲಾಸಿಗೇ ಮೊದಲು. ನಾನು ಬೆನ್ನು ತಿರುಗಿಸಿದಾಗಲೆಲ್ಲ ಆ ಕಡೆಯಿಂದ ಮೇಜು ತಟ್ಟಿದ ಸದ್ದು ಬರುತ್ತಿತ್ತು. ಒಂದು ಸಲ ಟಕ್, ಇನ್ನೊಮ್ಮೆ ಟಕ್ ಟಕ್ ಟಕ್. ಬಾಗಿಲ ಹೊರಗೆ ಹೋದ ಹಾಗೆ ಮಾಡಿ ಕಿಟಕಿಯಲ್ಲಿ ನೋಡಿದೆ. ಧರ್ಮೇಶ ಪ್ರನಾಳ ಎತ್ತಿ ಹಿಡಿಯುತ್ತಾನೆ, ಶಾಹಿನಾ ಪೆನ್ಸಿಲಿನಿಂದ ತಟ್ಟುತ್ತಾಳೆ, ಅವನು ಬರೆದುಕೊಳ್ಳುತ್ತಾನೆ. ಒಂದು ತಟ್ಟಿದರೆ ಹಸಿರು, ಎರಡಕ್ಕೆ ಹಳದಿ, ಮೂರಕ್ಕೆ ಕೆಂಪು. ಪಿತ್ತ ನೆತ್ತಿಗೇರಿತು.

"ಏನೋ ಇದು ತಂತಿ ಆಫೀಸು? ಕಣ್ಣೆದುರಿಗಿರೋ ಬಣ್ಣ ನೋಡಿ ಬರಿಯೋದಕ್ಕೂ ಸೋಮಾರಿತನವೇನೋ? ಲ್ಯಾಬ್ ಬೇಕಂತೆ ಲ್ಯಾಬು! ಎದ್ದು ನಡಿ ಆಚೆ!"

ಶಾಹಿನಾ ಎದ್ದು ನಿಂತು, "ಮೇಡಂ, ಅವ್ನು ಕಾಪಿ ಮಾಡ್ತಾ ಇರ್ಲಿಲ್ಲ..." ಎಂದು ಶುರು ಮಾಡಿದಳು. ಅವನು ಅವಳ ಕಡೆ ನೋಡಿ ತಲೆ ಅಲ್ಲಾಡಿಸಿದ. ಅವಳು ಬಾಯಿ ಮುಚ್ಚಿಕೊಂಡು ಕೂತಳು. ಅವನು ಪುಸ್ತಕ ಮಡಚಿಕೊಂಡು ಹೊರಗೆ ಹೋದ. ಮುಂದಿನ ಭಾನುವಾರ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ.

ನನಗೆ ಮೊದಲು ಸಿಟ್ಟು, ಆಮೇಲೆ ಕಸಿವಿಸಿ. ಜಾಸ್ತಿ ಬೈದುಬಿಟ್ಟೆನೇನೋ ಅನ್ನಿಸಿತು. ಕ್ಲಾಸ್ ಮುಗಿಸಿ ಬಸ್ ಹತ್ತಿ ಅವನ ಎಸ್ಟೇಟಿಗೆ ಹೋದೆ. ಡಿಸೆಂಬರ್ ತಿಂಗಳು, ಅರೇಬಿಕಾ ಹಣ್ಣು ಬಿಡಿಸುವ ಕಾಲ. ಗಿಡದಲ್ಲಿ ಕಾಯಿ ಹಣ್ಣು ಎರಡೂ ಒಟ್ಟಿಗಿರುತ್ತವೆ. ಕೆಂಪಾದದ್ದನ್ನು ಮಾತ್ರ ಆರಿಸಿ ಕೀಳಬೇಕು, ಹಸಿರನ್ನು ಬಿಡಬೇಕು. ಆಳುಗಳ ಮೇಲ್ವಿಚಾರಣೆ ಮಾಡುವ ರೈಟರು ನನ್ನನ್ನು ಗಿಡಗಳ ಸಾಲಿಗೆ ಕರೆದುಕೊಂಡು ಹೋದರು. ಸಾಕಮ್ಮ ಮುಂದಿನ ಸಾಲಿನಲ್ಲಿದ್ದಳು. ಎರಡು ಕೈಯೂ ಪಟಪಟನೆ ಓಡುತ್ತಿದ್ದವು. ಹಿಂದಿನ ಸಾಲಿನಲ್ಲಿ, ಸೊಂಟಕ್ಕೆ ಚೀಲ ಕಟ್ಟಿಕೊಂಡು, ನಮ್ಮ ಧರ್ಮೇಶ.

ಅವನ ಕೈ ನೋಡಿ ನಾನು ಅಲ್ಲೇ ನಿಂತೆ. ಪ್ರತಿಯೊಂದು ಹಣ್ಣನ್ನೂ ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಮೆಲ್ಲಗೆ ಅದುಮಿ ನೋಡುತ್ತಿದ್ದ. ಮೆತ್ತಗಿದ್ದರೆ ಕೀಳುತ್ತಿದ್ದ, ಗಟ್ಟಿ ಇದ್ದರೆ ಬಿಡುತ್ತಿದ್ದ. ಕಣ್ಣು ಗಿಡದ ಮೇಲೆಯೇ ಇರಲಿಲ್ಲ.

ರೈಟರು ನಕ್ಕರು. "ಚಿಕ್ಕೋನಿದ್ದಾಗ ಬರೀ ಹಸಿ ಕಾಯೇ ತುಂಬ್ಕಂಡ್ ಬತ್ತಿದ್ದ ಮೇಡಂ. ಶುದ್ಧ ಮೈಗಳ್ಳ. ಅವ್ರಮ್ಮ ಎಷ್ಟು ಬಡ್ದವ್ಳೋ. ಈಗ ಹಿಂಗೆ ಹಿಚುಕಿ ಹಿಚುಕಿ ಕೀಳೋದು ಕಲ್ತವ್ನೆ. ನಿಧಾನ, ಆದ್ರೆ ಒಂದೇ ಒಂದು ಹಸಿ ಕಾಯಿ ಬರಲ್ಲ."

ಕಾಫಿ ಹಣ್ಣನ್ನು ಅದುಮಿ ನೋಡಬಹುದು. ಪ್ರನಾಳದೊಳಗಿನ ಬಣ್ಣವನ್ನು ಎಲ್ಲಿ ಅದುಮುವುದು?

ರೈಟರು ಆ ಕಡೆ ಹೋದ ಮೇಲೆ ಒಂದು ಹಣ್ಣು, ಒಂದು ಕಾಯಿ ಕಿತ್ತು ಅಂಗೈ ಮೇಲಿಟ್ಟು ಅವನೆದುರು ಹಿಡಿದೆ. "ಯಾವುದೋ ಹಣ್ಣು?" ಎಂದೆ. ಅವನ ಕೈ ಮುಂದೆ ಬಂತು. ನಾನು ಕೈ ಹಿಂದಕ್ಕೆ ತೆಗೆದುಕೊಂಡೆ. "ಮುಟ್ಟದೆ ಹೇಳು."

ಅವನು ಅಂಗೈ ನೋಡಲಿಲ್ಲ. ತಾಯಿ ಇದ್ದ ಸಾಲಿನ ಕಡೆ ನೋಡಿ, ದನಿ ತಗ್ಗಿಸಿ, "ಅವ್ವ ಕೇಳಿಸ್ಕತಾಳೆ ಮೇಡಂ. ರಸ್ತೆ ತಾವ ಹೋಗಾನ ಬನ್ನಿ" ಎಂದ.

ರಸ್ತೆಯ ಮೋರಿಕಟ್ಟೆಯ ಮೇಲೆ ಕೂತೆವು. ಏನೂ ಕೇಳುವ ಮೊದಲೇ ಹೇಳಿದ.

"ನಂಗೆ ಗೊತ್ತೈತೆ ಮೇಡಂ. ನೀವೇ ಹೇಳ್ಕೊಟ್ಟಿದ್ದು."

ನಿಜ. ಎರಡನೇ ಪಿಯುವಿನ ಅನುವಂಶೀಯತೆಯ ಪಾಠದಲ್ಲಿ ವರ್ಣಾಂಧತೆ ಬರುತ್ತದೆ. ಕೆಂಪು ಹಸಿರು ಬೇರೆ ಮಾಡಿ ನೋಡಲಾಗದ ಕಣ್ಣು. ದೋಷ ತಾಯಿಯ ಕಡೆಯಿಂದ ಬಂದು ಗಂಡುಮಗನಲ್ಲಿ ಕಾಣಿಸಿಕೊಳ್ಳುತ್ತದೆ, ತಾಯಿಯ ಕಣ್ಣು ಮಾತ್ರ ಚೆನ್ನಾಗಿಯೇ ಇರುತ್ತದೆ. ಪರೀಕ್ಷೆಯಲ್ಲಿ ಐದು ಅಂಕಕ್ಕೆ ಆಗಾಗ ಕೇಳುವ ಪ್ರಶ್ನೆ. ಬೋರ್ಡಿನ ಮೇಲೆ ತಾಯಿಯಿಂದ ಮಗನಿಗೆ ಬಾಣದ ಗುರುತು ಎಳೆದು, ಕಣ್ಣು ಮುಚ್ಚಿಕೊಂಡು ಹೇಳಬಲ್ಲಷ್ಟು ಸಲ ಆ ಪಾಠ ಮಾಡಿದ್ದೆ. ಎರಡನೇ ಬೆಂಚಿನಲ್ಲಿ ಪಾಠವೇ ಎದ್ದು ಕೂತಿದ್ದರೂ ನನಗೆ ಕಾಣಿಸಿರಲಿಲ್ಲ. ಮೊದಲ ವರ್ಷದಿಂದ ಅವನ ಪ್ರಾಕ್ಟಿಕಲ್ ಪುಸ್ತಕಕ್ಕೆ ಸಹಿ ಹಾಕಿದವಳು ನಾನೇ.

"ಆವತ್ತು ನೀವು ಬೋರ್ಡ್ ಮೇಲೆ ಬರ್ದ್ರಲ್ಲ, ಆಗ್ಲೇ ತಿಳೀತು ಅದು ನಾನೇ ಅಂತ. ಅಲ್ಲಿ ಗಂಟ ಎಲ್ರಿಗೂ ಹಿಂಗೇ ಕಾಣೋದು, ನಂಗೆ ಮಾತ್ರ ಬುದ್ಧಿ ಕಮ್ಮಿ ಅಂತ ತಿಳ್ಕಂಡಿದ್ದೆ" ಎಂದ. ಶಾಹಿನಾಗೆ ಮಾತ್ರ ಹೇಳಿದ್ದನಂತೆ. ಆಮೇಲೆ ಎರಡು ಮಾತು ಕೇಳಿಕೊಂಡ. ಒಂದು, ಲ್ಯಾಬ್ ಸೀಟು ತಪ್ಪಿಸಬೇಡಿ. ಇನ್ನೊಂದು, "ಅವ್ವಂಗೆ ಹೇಳ್ಬ್ಯಾಡಿ ಮೇಡಂ. ನಿಮ್ ಪಾಠದ ಪ್ರಕಾರ ಅದು ಅವ್ಳಿಂದ ಬಂದಿರೋದು. ತಡ್ಕಳಕ್ಕಿಲ್ಲ ಅವ್ಳು."

ಎರಡಕ್ಕೂ ಹೂಂ ಎಂದೆ. ಎಂದದ್ದಷ್ಟೇ ಅಲ್ಲ, ಅವನಿಗೆ ಧೈರ್ಯವನ್ನೂ ಹೇಳಿದೆ. "ಈಗೆಲ್ಲ ಮೆಷಿನ್ ಮಾಡುತ್ತೆ ಕಣೋ. ರಕ್ತ ಇಟ್ಟರೆ ನಂಬರ್ ಬರುತ್ತೆ. ಬಣ್ಣ ಯಾರು ನೋಡ್ತಾರೆ?" ಅದು ಅರ್ಧ ನಿಜ. ಸೂಕ್ಷ್ಮದರ್ಶಕದ ಕೆಳಗೆ ಬಣ್ಣ ಹಾಕಿದ ರಕ್ತಕಣ ನೋಡುವುದು, ಪಟ್ಟಿಯ ಬಣ್ಣ ಹೋಲಿಸುವುದು ಇನ್ನೂ ಇದೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ. ಹುಡುಗನ ಆಸೆ ನೋಡಿ ಕರುಳು ಚುರುಕ್ ಅಂದದ್ದೂ ಹೌದು. ಅವನನ್ನು ಹೊರಗಟ್ಟಿದ್ದಕ್ಕೆ ಪ್ರಾಯಶ್ಚಿತ್ತವಾಗಲಿ ಎಂಬ ಸ್ವಾರ್ಥವೂ ಇತ್ತು.

ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಅವನಿಗೆ ಮೂವತ್ತಕ್ಕೆ ಮೂವತ್ತು ಹಾಕಿದೆ. ಹೊರಗಿನಿಂದ ಬಂದ ಪರೀಕ್ಷಕರು ಟೀ ಕುಡಿಯುತ್ತ ಸಹಿ ಮಾಡಿದರು. ಥಿಯರಿಯನ್ನು ಅವನು ಸ್ವಂತ ಬಲದಿಂದ ಬರೆದ. ವರ್ಣಾಂಧತೆಯ ಪ್ರಶ್ನೆಯೂ ಬಂದಿತ್ತು. ಐದಕ್ಕೆ ಐದು ಬರೆದಿದ್ದೇನೆ ಎಂದು ಹೇಳಿದಾಗ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಫಲಿತಾಂಶ ಚೆನ್ನಾಗಿತ್ತು. ಪ್ಯಾರಾಮೆಡಿಕಲ್ ಆಯ್ಕೆ ಪಟ್ಟಿಯ ಮೊದಲ ಸುತ್ತಿನಲ್ಲೇ ಲ್ಯಾಬ್ ಟೆಕ್ನಿಷಿಯನ್ ಸೀಟು ಬಂತು. ಹಾಸನದಲ್ಲಿಯೇ. ಪ್ರಾಂಶುಪಾಲರು ಬೋರ್ಡಿನ ಮೇಲೆ ಅವನ ಹೆಸರು ಬರೆಸಿದರು.

ಸೇರಿಕೊಳ್ಳಲು ಬೇಕಾದ ಕಾಗದಗಳಲ್ಲಿ ವೈದ್ಯಕೀಯ ಯೋಗ್ಯತಾ ಪತ್ರವೂ ಒಂದು. ಎತ್ತರ, ತೂಕ, ಕಿವಿ, ಕಣ್ಣು. ಕಣ್ಣಿನ ಕೆಳಗೆ ಇನ್ನೊಂದು ಸಾಲು: ವರ್ಣದೃಷ್ಟಿ. ಆ ಸಾಲು ನೋಡಿ ಅವನು ನನ್ನ ಮುಖ ನೋಡಿದ. "ನಾನು ಜೊತೆಗೆ ಬರ್ತೀನಿ, ನೀನು ಬಾಯಿ ಬಿಡಬೇಡ" ಎಂದೆ. ನಾವು ಹೋದ ಸರ್ಕಾರಿ ಆಸ್ಪತ್ರೆ ಯಾವುದೆಂದು ಹೇಳುವುದಿಲ್ಲ, ಡಾಕ್ಟರ ಹೆಸರೂ ಬೇಡ. ಹೊರಗೆ ಅರವತ್ತು ಜನ ಕೆಮ್ಮುತ್ತ ಕೂತಿದ್ದರು, ಒಳಗೆ ಅವರೊಬ್ಬರೇ. ಸಾಕಮ್ಮ ಮಗನಿಗೆ ಸೀಟು ಸಿಕ್ಕಿದ ಖುಷಿಗೆ ಕೆಲಸಕ್ಕೆ ರಜೆ ಹಾಕಿ, ಒಳ್ಳೆಯ ಸೀರೆ ಉಟ್ಟು ಬಂದು ಕಾರಿಡಾರಿನ ಬೆಂಚಿನಲ್ಲಿ ಕೂತಿದ್ದಳು. ನಾವಿಬ್ಬರು ಒಳಗೆ ಹೋದೆವು.

"ನನ್ನ ವಿದ್ಯಾರ್ಥಿ ಸಾರ್. ಒಳ್ಳೇ ಹುಡುಗ. ಒಂದು ಸಹಿ ಹಾಕ್ಬಿಟ್ರೆ ಬಸ್ ಹಿಡೀತೀವಿ" ಎಂದೆ. ಎಷ್ಟು ಸಲೀಸಾಗಿ ಬಂತು ಮಾತು!

ಡಾಕ್ಟರು ಅವನ ಕಡೆ ಒಂದು ಸಲ ನೋಡಿ, ನಮೂನೆಯ ಎಲ್ಲ ಸಾಲಿಗೂ ಸರಿ ಗುರುತು ಹಾಕುತ್ತ ಹೋದರು. ವರ್ಣದೃಷ್ಟಿಯ ಸಾಲಿಗೂ ಹಾಕಿದರು. ಸಹಿ ಆಯಿತು, ಮೊಹರು ಬಿತ್ತು. ನಾನು ಕೈ ಚಾಚಿದೆ.

"ಸಾರ್, ಆ ಪುಸ್ತಕ ತೋರಿಸ್ಲಿಲ್ಲ" ಎಂದ ಧರ್ಮೇಶ.

"ಯಾವ ಪುಸ್ತಕ?"

"ಚುಕ್ಕಿ ಚುಕ್ಕಿ ಇರ್ತದಲ್ಲ. ಒಳಗೆ ನಂಬರ್ ಓದ್ಬೇಕು."

ನಾನು ಅವನ ಮೊಣಕೈ ಜಿಗುಟಿದೆ. ಅವನು ಕೈ ಎಳೆದುಕೊಂಡ.

"ಸೈನ್ ಆಯ್ತಲ್ಲ ಮಾರಾಯ. ಇನ್ನೇನು?" ಎಂದರು ಡಾಕ್ಟರು.

"ತಪ್ಪಾಗೈತೆ ಸಾರ್, ತಿದ್ದಿ. ನಂಗೆ ಕೆಂಪು ಹಸ್ರು ತಿಳಿಯಲ್ಲ." ಅವನು ಅಲ್ಲಿಗೇ ನಿಲ್ಲಿಸಲಿಲ್ಲ. "ಮೆಷಿನ್ ಇದ್ರೆ ನಡೀತದೆ ಸಾರ್. ಅದು ಕೆಟ್ಟ ದಿನ ಕೈಯಲ್ಲೇ ನೋಡ್ಬೇಕಲ್ಲ. ಸಕ್ಕರೆ ಐತೆ ಅಂತ ನಾನು ಹೇಳ್ಬಲ್ಲೆ. ಎಷ್ಟೈತೆ ಅಂತ ಹೇಳಕ್ಕಾಗಲ್ಲ. ನಮ್ಮವ್ವಂಗೆ ಬೇಕಾಗಿರೋದು ಎಷ್ಟೈತೆ ಅನ್ನೋದೇ."

ಡಾಕ್ಟರು ನನ್ನನ್ನು ನೋಡಿದರು. ಆ ನೋಟವನ್ನು ನಾನು ಈಗಲೂ ಮರೆತಿಲ್ಲ, ಮರೆಯುವುದೂ ಬೇಡ. ಡ್ರಾಯರಿನ ತಳದಿಂದ ಪುಸ್ತಕ ತೆಗೆದು ಧೂಳು ಒರೆಸಿ ಅವನ ಮುಂದೆ ಹಿಡಿದರು. ಎಲ್ಲರಿಗೂ ಕಾಣುವ ಮೊದಲ ಪುಟದ ಸಂಖ್ಯೆಯನ್ನು ಓದಿದ. ಮುಂದಿನ ಪುಟಗಳಲ್ಲಿ ಬರೀ ಚುಕ್ಕಿ ಎಂದ. ಡಾಕ್ಟರು ಸಹಿ ಹಾಕಿದ ಕಾಗದವನ್ನು ಎರಡು ತುಂಡು ಮಾಡಿ ಬುಟ್ಟಿಗೆ ಹಾಕಿದರು. ಹಾಕಿ, ಅವನ ಹೆಗಲ ಮೇಲೆ ಕೈಯಿಟ್ಟರು.

"ಎಕ್ಸ್‌ರೇಗೆ ಹಾಕ್ಕೋ ಮಾರಾಯ. ಅಲ್ಲಿ ಕಪ್ಪು ಬಿಳುಪು ಬಿಟ್ರೆ ಇನ್ನೇನಿದೆ?"

ಎರಡನೇ ಸುತ್ತಿನಲ್ಲಿ ಎಕ್ಸ್‌ರೇ ಡಿಪ್ಲೊಮಾ ಸಿಕ್ಕಿತು. ಆ ನಮೂನೆಯಲ್ಲಿ ವರ್ಣದೃಷ್ಟಿಯ ಸಾಲೇ ಇರಲಿಲ್ಲ. ಈಗ ಅವನು ಒಂದು ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿದ್ದಾನೆ, ಕೆಲಸ ಚೆನ್ನಾಗಿ ಮಾಡುತ್ತಾನೆಂದು ಕೇಳಿದ್ದೇನೆ. ಸಾಕಮ್ಮ ಹೋಗುತ್ತಿದ್ದ ಲ್ಯಾಬಿಗೆ ದಿನಾ ಬರುವವರು ಸಿಕ್ಕಿದರೋ ಇಲ್ಲವೋ, ಅದು ನನಗೆ ತಿಳಿಯದು. ನಾನು ಅಂಥದೇ ಚುಕ್ಕಿ ಪುಸ್ತಕವೊಂದನ್ನು ತರಿಸಿಕೊಂಡು, ನಿವೃತ್ತಿಯವರೆಗೆ ಪ್ರತಿ ವರ್ಷ ಮೊದಲ ಭಾನುವಾರವೇ ಎಲ್ಲರಿಗೂ ತೋರಿಸಿದೆ. ಪ್ರಾಕ್ಟಿಕಲ್‌ನಲ್ಲಿ ಮತ್ತೆ ಇಪ್ಪತ್ತೆರಡು, ಇಪ್ಪತ್ತೈದು ಹಾಕಿದೆ. ಪ್ರಾಂಶುಪಾಲರು ಮುಖ ಊದಿಸಿಕೊಂಡರು, ಊದಿಸಿಕೊಳ್ಳಲಿ ಎಂದು ಬಿಟ್ಟೆ. ಅದಕ್ಕೆ ಮುಂಚಿನ ವರ್ಷಗಳಲ್ಲಿ ಹಾಗೆಯೇ ಪಾಸಾಗಿ ಹೋದವರು ಎಷ್ಟು ಜನವೋ, ಎಲ್ಲಿದ್ದಾರೋ. ಹೊಸ ಉಪನ್ಯಾಸಕಿಗೆ ಹೇಳಬೇಕಾದದ್ದು ಇಷ್ಟೇ ಆಗಿದ್ದರೆ ಇಲ್ಲಿಗೆ ನಿಲ್ಲಿಸುತ್ತಿದ್ದೆ. ಆದರೆ ಆವತ್ತು ಡಾಕ್ಟರ ಕೋಣೆಯಿಂದ ಹೊರಗೆ ಬಂದಾಗ ಬೆಂಚಿನ ಮೇಲೆ ಸಾಕಮ್ಮ ಕೂತಿದ್ದಳು.

"ಆಯ್ತಾ ಮಗ?" ಎಂದಳು.

ಅವನು ಅವಳ ಪಕ್ಕ ಕೂತು, ಸುತ್ತಿ ಬಳಸದೆ ಹೇಳಿದ. "ಲ್ಯಾಬ್ ಆಗಲ್ಲ ಕಣವ್ವ. ನಂಗೆ ಕೆಂಪು ಹಸ್ರು ಒಂದೇ ಥರ ಕಾಣೋದು. ಹುಟ್ಟಿದಾಗಿಂದ್ಲೂ."

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಸೀಟಿನ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಅವನ ಬಲಗೈಯನ್ನು ತನ್ನ ಮಡಿಲಿಗೆ ಎಳೆದುಕೊಂಡು, ಮೊಣಕೈವರೆಗೂ ಸವರಿದಳು.

"ಹಸಿ ಕಾಯಿ ಕಿತ್ತೆ ಅಂತ ಕಾಫಿ ಬರ್ಲಲ್ಲಿ ಬಾಸುಂಡೆ ಬರಂಗೆ ಹೊಡೀತಿದ್ನಲ್ಲೋ. ಒಂದಿನಾನಾದ್ರೂ ಬಾಯ್ಬಿಟ್ಟು ಹೇಳ್ಬಾರ್ದಿತ್ತೇನೋ?"

"ನಂಗೂ ಗೊತ್ತಿರ್ಲಿಲ್ಲ ಕಣವ್ವ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಏನೋ ಹೊಳೆದವಳ ಹಾಗೆ ತಲೆ ಎತ್ತಿ ನನ್ನ ಕಡೆ ತಿರುಗಿದಳು.

"ನಮ್ಮಪ್ಪನ್ನೂ ಹಿಂಗೇ ಬೈತಿದ್ರು ಮೇಡಮ್ಮೋರೆ. ಹಣ್ಣು ಬಿಟ್ಟು ಕಾಯಿ ಕೀಳ್ತಾನೆ ಅಂತ ಅವ್ರನ್ನ ಕುಯ್ಲಿಗೇ ಸೇರಿಸ್ತಿರ್ಲಿಲ್ಲ. ಇದು ನಮ್ ಕಡೆಯಿಂದ ಬಂತಾ? ನನ್ನಿಂದ ಬಂತಾ ಇವ್ನಿಗೆ?"

ಇಷ್ಟು ಚೆನ್ನಾಗಿ ಆ ಪ್ರಶ್ನೆಯನ್ನು ಯಾವ ಪ್ರಶ್ನೆಪತ್ರಿಕೆಯೂ ಕೇಳಿರಲಿಲ್ಲ. ಅಜ್ಜ, ತಾಯಿ, ಮೊಮ್ಮಗ, ಮೂರು ತಲೆಮಾರು. ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು. ಧರ್ಮೇಶ ನನ್ನನ್ನೇ ನೋಡುತ್ತಿದ್ದ.

"ಇಲ್ಲ ಕಣಮ್ಮ. ಅದು ಯಾರಿಂದಲೂ ಬರೋದಲ್ಲ" ಎಂದೆ.

ಸಾಕಮ್ಮ ಮಗನ ಮುಖ ನೋಡಿದಳು. "ಹೌದೇನೋ?" ಎಂದಳು.

ಐದು ನಿಮಿಷದ ಹಿಂದೆ ಡಾಕ್ಟರಿಗೆ ತಪ್ಪಾಗೈತೆ ತಿದ್ದಿ ಎಂದಿದ್ದ ಹುಡುಗ, "ಹೂಂ ಕಣವ್ವ, ಮೇಡಂ ಹೇಳಿದ್ಮೇಲೆ ಸರಿನೇ" ಎಂದ.